ಹೊಚ್ಚ ಹೊಸ ಹರಕು

ಜೀನ್ಸ್ ಹಾಕಿಕೊಂಡು ಬಂದದ್ದಕ್ಕೆ 200 ಡಾಲರ್ ದಂಡ. ಅದೇ ಜೀನ್ಸ್ ಹರಾಜಿಗೆ ಬಂದಾಗ 36,100 ಡಾಲರ್. ನ್ಯೂಯಾರ್ಕಿನ ಚೆಸ್ ಪ್ರಹಸನ ನಿಮಗೆಲ್ಲ ನೆನಪಿರಬೇಕು. 2024ರ ಡಿಸೆಂಬರ್ ಕೊನೆ, ಜೀನ್ಸ್ ನಿಷಿದ್ಧವಾಗಿದ್ದ, ವೇಗದ ಚೆಸ್ಸಿನ ವಿಶ್ವ ರ‍್ಯಾಪಿಡ್ ಪಂದ್ಯಾವಳಿ, ನಾರ್ವೆಯ ಚೆಸ್ ಆಟಗಾರ ಮ್ಯಾಗ್ನಸ್ ಕಾರ್ಲ್‌ಸನ್. ಬದಲಾಯಿಸಿ ಬನ್ನಿ ಎಂದರೆ ನಾಳೆಯಿಂದ ನೋಡೋಣ ಎಂಬ ಉತ್ತರ, ಒಂಬತ್ತನೇ ಸುತ್ತಿಗೆ ಅವರನ್ನು ಜೋಡಿ ಹಾಕದೆ ಬಿಟ್ಟದ್ದು, ಅವರು ಸಿಟ್ಟಿನಲ್ಲಿ ಎದ್ದು ನಡೆದದ್ದು. ಕೆಲವೇ ದಿನಗಳಲ್ಲಿ ಅಂತರರಾಷ್ಟ್ರೀಯ ಚೆಸ್ ಒಕ್ಕೂಟವಾದ ಫಿಡೆ ರಾಗ ಬದಲಿಸಿತು: ಸಣ್ಣಪುಟ್ಟ, ಸೊಗಸಾದ ವ್ಯತ್ಯಾಸಗಳಿಗೆ ಅಡ್ಡಿಯಿಲ್ಲ, ಜಾಕೆಟ್ಟಿಗೆ ಒಪ್ಪುವ ಜೀನ್ಸ್ ಆದರೆ ಸರಿ. ಅವರು ಜೀನ್ಸಿನಲ್ಲೇ ವಾಪಸ್ಸು ಬಂದು ಇನ್ನೂ ವೇಗದ ಬ್ಲಿಟ್ಜ್ ಚೆಸ್ಸಿನ ಪ್ರಶಸ್ತಿ ಹಂಚಿಕೊಂಡು ಹೋದರು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

ಲೆಕ್ಕ ಹಾಕಿ ನೋಡಿ, ದಂಡದ ನೂರೆಂಬತ್ತು ಪಟ್ಟು! ಹರಾಜಿನ ಹಣ ಮಕ್ಕಳ ನೆರವಿನ ಸಂಸ್ಥೆಗೆ ಹೋಯಿತು, ಅದಕ್ಕೆ ಯಾರ ತಕರಾರೂ ಇಲ್ಲ. ಆದರೆ ಅದೇ ಸಭಾಂಗಣದಲ್ಲಿ ನಿಯಮ ಓದಿಕೊಂಡು, ಪ್ಯಾಂಟಿಗೆ ಗೀರು ಕೂರಿಸಿ ಇಸ್ತ್ರಿ ಮಾಡಿಕೊಂಡು ಬಂದು ಕೂತ ಉಳಿದ ಆಟಗಾರರಿದ್ದರಲ್ಲ, ಅವರಲ್ಲಿ ಒಬ್ಬರ ಪ್ಯಾಂಟನ್ನಾದರೂ ಯಾರಾದರೂ ಸವಾಲು ಕೂಗಿದರೇ? ನೀಟಾಗಿ ಬಂದವನ ಬಟ್ಟೆಗೆ ಬೆಲೆಯಿಲ್ಲ.

ಶಾಸನಸಭೆಗಳದ್ದೂ ಇದೇ ಕತೆ. ಅಮೆರಿಕದ ಸೆನೆಟ್ಟಿನಲ್ಲಿ 2023ರ ಸೆಪ್ಟೆಂಬರಿನಲ್ಲಿ ಉಡುಪಿನ ಕಟ್ಟುಪಾಡು ಸಡಿಲಿಸಿದರು. ಟೋಪಿ ಹೊಲಿದ ಹೂಡಿ ಅಂಗಿ, ಚಡ್ಡಿ ತೊಟ್ಟು ಓಡಾಡುತ್ತಿದ್ದ ಸದಸ್ಯರೊಬ್ಬರಿಗಾಗಿಯೇ ಈ ಸಡಿಲಿಕೆ ಎಂದು ಎಲ್ಲರೂ ಆಡಿಕೊಂಡರು. ಎರಡು ವಾರವೂ ಆಗಿರಲಿಲ್ಲ, ಗಂಡಸರು ಕೋಟು, ಟೈ, ಉದ್ದ ಪ್ಯಾಂಟು ಹಾಕಲೇಬೇಕೆಂದು ಒಮ್ಮತದ ನಿರ್ಣಯ ಬಂತು. ಯಾವ ವಿಷಯಕ್ಕೂ ಒಂದಾಗದ ಎರಡು ಪಕ್ಷಗಳು ಪ್ಯಾಂಟಿನ ಉದ್ದದ ವಿಷಯಕ್ಕೆ ಒಂದಾದವು. ನಿರ್ಣಯದ ಇಂಗ್ಲಿಷ್ ಹೆಸರಿನ ಅಕ್ಷರಗಳನ್ನು ಕೂಡಿಸಿದರೆ 'ಶಾರ್ಟ್ಸ್' ಎಂದಾಗುವಂತೆ ಯಾರೋ ಕೂತು ಹೆಣೆದಿದ್ದರು. ನ್ಯೂಜಿಲೆಂಡಿನಲ್ಲಿ 2021ರ ಫೆಬ್ರವರಿಯಲ್ಲಿ ಟೈ ಕಟ್ಟದ, ಅಲ್ಲಿನ ಮೂಲನಿವಾಸಿ ಮಾವೊರಿ ಜನಾಂಗದ ಸಂಸದರೊಬ್ಬರನ್ನು ಸದನದಿಂದ ಹೊರಗೆ ಕಳಿಸಿದರು. ಕೊರಳು ಬರಿದಾಗಿರಲಿಲ್ಲ, ಅವರ ಜನಾಂಗದ ಪದಕ ತೂಗುತ್ತಿತ್ತು. ಮರುದಿನವೇ ಟೈ ಕಡ್ಡಾಯವಲ್ಲ ಎಂದಾಯಿತು. ಇಷ್ಟು ಬೇಗ ಕಳಚಿ ಬೀಳುವ ನಿಯಮಕ್ಕೆ ನಿನ್ನೆಯವರೆಗೆ ಗಂಟು ಹಾಕಿದ್ದವರು ಯಾರು ಎಂದು ಯಾರೂ ಕೇಳಲಿಲ್ಲ.

ಇದನ್ನೆಲ್ಲ ಓದಿ, ಉಡುಗೆತೊಡುಗೆಯ ಶಿಸ್ತು ನೆಲಕಚ್ಚಿತು ಎಂದು ಹಲುಬುವವರಿಗೆ ಸಮಾಧಾನ ಹೇಳಲೇಬೇಕು. ಸ್ವಾಮಿ, ಶಿಸ್ತು ಎಲ್ಲಿಗೂ ಹೋಗಿಲ್ಲ. ಒಂದು ಹರಕು ಜೀನ್ಸಿನ ಹಿಂದಿರುವಷ್ಟು ಶಿಸ್ತು ಯಾವ ಸೂಟಿನ ಹಿಂದೆಯೂ ಇಲ್ಲ.

ಬುಡದಿಂದ ನೋಡೋಣ. ಡೆನಿಮ್ ಬಟ್ಟೆಯಲ್ಲಿ ಉದ್ದಕ್ಕೆ ಹೋಗುವ ಹಾಸು ನೂಲಿಗೆ ಮಾತ್ರ ನೀಲಿ, ಅಡ್ಡಕ್ಕೆ ಹೋಗುವ ಹೊಕ್ಕು ನೂಲು ಬಿಳಿ. ಹಾಸಿನ ನೂಲನ್ನು ಇಂಡಿಗೊ ಎಂಬ ನೀಲಿ ಬಣ್ಣದ ತೊಟ್ಟಿಯಲ್ಲಿ ಅದ್ದಿ ಎತ್ತಿದಾಗ ಅದು ಹಳದಿಹಸಿರಾಗಿರುತ್ತದೆ, ಗಾಳಿ ಸೋಕಿದಂತೆ ನೀಲಿಗೆ ತಿರುಗುತ್ತದೆ. ಹೀಗೆ ಹಲವು ಸಲ ಅದ್ದಿ ಎತ್ತಿದರೂ ಬಣ್ಣ ನೂಲಿನ ಹೊಟ್ಟೆಗೆ ಇಳಿಯುವುದಿಲ್ಲ, ಸಿಪ್ಪೆಯ ಹಾಗೆ ಮೇಲ್ಮೇಲೆ ಕೂರುತ್ತದೆ. ಆದ್ದರಿಂದಲೇ ಉಜ್ಜಿದಲ್ಲಿ ಬಿಳಿಚುತ್ತದೆ. ಹಿಂದೆ ಉಜ್ಜುವ ಕೆಲಸವನ್ನು ತೊಟ್ಟವನ ಮೊಣಕಾಲು, ತೊಡೆ, ಕೂರುವ ಕಲ್ಲುಮಣ್ಣು ಮಾಡುತ್ತಿದ್ದವು. ಅದಕ್ಕೆ ವರ್ಷಗಟ್ಟಲೆ ಬೇಕಿತ್ತು. ಈಗ ಅಷ್ಟು ಕಾಯುವ ಪುರುಸೊತ್ತು ಯಾರಿಗಿದೆ? ಕೂತಲ್ಲೇ ಕೂತು ಕೆಲಸ ಮಾಡುವವನಿಗೆ ಮೊಣಕಾಲು ಸವೆದ ಪ್ಯಾಂಟು ಬೇಕು. ಹಾಗಾಗಿ ಸವೆಯುವ ಕೆಲಸವನ್ನೂ ಗುತ್ತಿಗೆಗೆ ಕೊಟ್ಟಿದ್ದೇವೆ.

ಹರಕು ಮಾಡುವ ಕ್ರಮ ಕೇಳಿ. ಪ್ಯಾಂಟಿನ ಕಾಲೊಳಗೆ ಒಂದು ಹಲಗೆ ತೂರಿಸಬೇಕು, ಇಲ್ಲದಿದ್ದರೆ ಬ್ಲೇಡು ಹಿಂದಿನ ಪದರಕ್ಕೂ ತಾಗುತ್ತದೆ. ಮೊಣಕಾಲಿನ ಮೇಲೆ ಅಡ್ಡಡ್ಡ ಎರಡು ಗೀರು, ನಡುವೆ ಎರಡು ಮೂರು ಸೆಂಟಿಮೀಟರ್. ಆ ಎರಡು ಗೀರುಗಳ ನಡುವೆ ತುಂಡಾದ ನೀಲಿ ಹಾಸಿನ ಎಳೆಗಳನ್ನು ಚಿಮುಟದಲ್ಲಿ ಒಂದೊಂದಾಗಿ ಕೀಳಬೇಕು. ಉಳಿದ ಬಿಳಿ ಹೊಕ್ಕಿನ ಎಳೆಗಳು ಏಣಿಯ ಮೆಟ್ಟಿಲಿನಂತೆ ಅಡ್ಡಕ್ಕೆ ನಿಲ್ಲುತ್ತವೆ. ಅದೇ ನೀವು ಕಾಸು ಕೊಟ್ಟು ಕೊಳ್ಳುವ ಹರಕು. ಗೀರುವಾಗ ಕೈ ಸ್ವಲ್ಪ ಓರೆಯಾಯಿತೋ, ಹೊಕ್ಕಿನ ಎಳೆಯೂ ತುಂಡಾಗಿ ಏಣಿ ಕುಸಿದು ಬರೀ ತೂತಾಗುತ್ತದೆ. ಅದು ದೋಷದ ಮಾಲು, ತಪಾಸಣೆಯಲ್ಲಿ ಪಕ್ಕಕ್ಕೆ ಹೋಗುತ್ತದೆ. ನಿಜವಾಗಿ ಹರಿದರೆ ತಿರಸ್ಕಾರ, ಹರಿದಂತೆ ಕಂಡರೆ ಪುರಸ್ಕಾರ.

ಅಳತೆ ತಪ್ಪಿದರಂತೂ ಮುಗಿಯಿತು. ಉದ್ದದ ಮನುಷ್ಯನಿಗಾಗಿ ಗುರುತು ಹಾಕಿದ ಹರಕು ಗಿಡ್ಡನ ಕಾಲಲ್ಲಿ ಮೊಣಕಾಲು ಬಿಟ್ಟು ಕೆಳಗಿಳಿದು ಕಣಕಾಲಿನ ಕಿಟಕಿಯಾಗುತ್ತದೆ. ಅವಸರದಲ್ಲಿ ಪ್ಯಾಂಟು ಏರಿಸುವಾಗ ಹೆಬ್ಬೆರಳು ಏಣಿಗೆ ಸಿಕ್ಕಿಕೊಂಡು ಒಂದೇ ಏಟಿಗೆ ಹತ್ತು ಎಳೆ ಹೋಗುವುದೂ ಉಂಟು. ಅದಕ್ಕೆಂದೇ ಬುದ್ಧಿವಂತ ಕಂಪನಿಗಳು ಹರಕಿನ ಹಿಂದೆ ಒಳಗಿನಿಂದ ಅದೇ ಬಟ್ಟೆಯ ತುಂಡಿಟ್ಟು ಸುತ್ತ ಹೊಲಿಯುತ್ತವೆ. ಅಂದರೆ ತೇಪೆ! ಮೊದಲು ಹರಿದು, ಹರಿದದ್ದು ಇನ್ನಷ್ಟು ಹರಿಯದಂತೆ ತೇಪೆ ಹಾಕಿ, ಅದರ ಮೇಲೆ ಹೊಸ ಮಾಲಿನ ಚೀಟಿ ಅಂಟಿಸಿ ಕೊಡುತ್ತಾರೆ. ಹಿಂದಿನ ತಾಯಂದಿರು ಮೊದಲ ಹೆಜ್ಜೆ ಬಿಟ್ಟು ಎರಡನೆಯದನ್ನು ಮಾತ್ರ ಮಾಡುತ್ತಿದ್ದರು, ಪಾಪ, ವ್ಯಾಪಾರ ಗೊತ್ತಿರಲಿಲ್ಲ.

ತೊಡೆಯ ಮೇಲೆ ಬೆಕ್ಕಿನ ಮೀಸೆಯಂತೆ ಹರಡಿದ ಬಿಳಿ ಗೆರೆಗಳಿವೆಯಲ್ಲ, ಅವನ್ನು ಮೀಸೆ ಎಂದೇ ಕರೆಯುತ್ತಾರೆ. ಕೂತು ಎದ್ದು ಮೂಡಿದ ಮಡಿಕೆಯ ನಕಲು ಅದು. ಮರಳುಕಾಗದದಲ್ಲಿ ಉಜ್ಜುತ್ತಾರೆ, ಇಲ್ಲವೇ ಲೇಸರಿನಲ್ಲಿ ಮೇಲಿನ ನೀಲಿಯನ್ನು ಸುಡುತ್ತಾರೆ. ಇನ್ನಷ್ಟು ಬಿಳಿ ಬೇಕೆಂದರೆ ಪೊಟ್ಯಾಸಿಯಂ ಪರ್ಮಾಂಗನೇಟ್ ಸಿಂಪಡಣೆ. ಬಿದ್ದಾಗ ನೇರಳೆ, ಕೆಲಸ ಮುಗಿಸುತ್ತ ಕಂದು. ಆ ಕಂದನ್ನು ಸೋಡಿಯಂ ಮೆಟಾಬೈಸಲ್ಫೈಟ್ ದ್ರಾವಣದಲ್ಲಿ ತೊಳೆದು ತೆಗೆಯಬೇಕು, ಅರೆಬರೆ ತೊಳೆದರೆ ಕಲೆ ಹಾಗೇ ಉಳಿದು ಬಟ್ಟೆಯೂ ಟೊಳ್ಳಾಗುತ್ತದೆ. ಒಟ್ಟಾರೆ ಮಾಸಲು ಬಣ್ಣಕ್ಕೆ ಹಿಂದೆ ಪ್ಯೂಮಿಸ್ ಎಂಬ ಹಗುರ ಜ್ವಾಲಾಮುಖಿ ಕಲ್ಲುಗಳನ್ನು ಪ್ಯಾಂಟಿನ ಜೊತೆ ಯಂತ್ರದಲ್ಲಿ ಹಾಕಿ ತಿರುಗಿಸುತ್ತಿದ್ದರು. ಕಲ್ಲು ಸವೆದು ಪುಡಿಯಾಗಿ ಕೊಳವೆ ಕಟ್ಟುತ್ತಿತ್ತು, ಯಂತ್ರದ ಹೊಟ್ಟೆ ತರಿಯುತ್ತಿತ್ತು, ಜೇಬಿನಿಂದ ಜಲ್ಲಿ ಆಯಬೇಕಾಗುತ್ತಿತ್ತು. ಈಗ ಬಹಳ ಕಡೆ ಆ ಕೆಲಸ ಸೆಲ್ಯುಲೇಸ್ ಎಂಬ ಕಿಣ್ವದ್ದು. ಅದು ಹತ್ತಿಯನ್ನೇ ಮೇಯುವ ಪ್ರಾಣಿ. ಹೊತ್ತು ನೋಡಿ ಬಿಸಿ ಏರಿಸಿ ಕೊಲ್ಲದಿದ್ದರೆ ಪ್ಯಾಂಟನ್ನೇ ತಿಂದು ಹಾಕುತ್ತದೆ.

ಇಷ್ಟೆಲ್ಲ ಪಾಂಡಿತ್ಯ, ರಸಾಯನ, ನೀರು ಯಾಕೆ? 'ನಾನು ಬಟ್ಟೆಯ ಬಗ್ಗೆ ತಲೆ ಕೆಡಿಸಿಕೊಳ್ಳುವವನಲ್ಲ' ಎಂದು ತೋರಿಸಿಕೊಳ್ಳಲಿಕ್ಕೆ.

ಮರಳು ಊದಿ ಸವೆಸುವ ವಿಧಾನವೂ ಇತ್ತು. ಒತ್ತಡದ ಗಾಳಿಯಲ್ಲಿ ಮರಳನ್ನು ಬಟ್ಟೆಗೆ ಚಿಮ್ಮಿಸಿದರೆ ನಿಮಿಷಗಳಲ್ಲಿ ಹತ್ತು ವರ್ಷದ ಸವೆತ. ಅಗ್ಗ, ಸುಲಭ. ಮರಳಿನಲ್ಲಿರುವ ಸಿಲಿಕಾ ಧೂಳು ಮಾತ್ರ ಊದುವವನ ಶ್ವಾಸಕೋಶದಲ್ಲಿ ಕೂರುತ್ತದೆ, ಕೂತದ್ದು ಏಳುವುದಿಲ್ಲ. ಸಿಲಿಕೋಸಿಸ್. ಗುಣಪಡಿಸುವ ಮದ್ದಿಲ್ಲ. ಟರ್ಕಿಯಲ್ಲಿ ಹರೆಯದ ಹುಡುಗರು ಉಸಿರು ಕಟ್ಟಿ ಸತ್ತರು. ಕಿಟಕಿಯಿಲ್ಲದ ಕೋಣೆ, ಮೂಗಿಗೆ ಒಂದು ಬಟ್ಟೆ ಚೂರು. ಅಲ್ಲಿನ ಸರ್ಕಾರ 2009ರಲ್ಲಿ ಅದನ್ನು ನಿಷೇಧಿಸಿತು, ಬಳಿಕ ದೊಡ್ಡ ಕಂಪನಿಗಳೂ ಒಂದೊಂದಾಗಿ ಕೈಬಿಟ್ಟವು. ಇಲ್ಲಿ ತಮಾಷೆ ಮಾಡಲು ಮನಸ್ಸು ಬರುವುದಿಲ್ಲ. ಒಬ್ಬನ ಪ್ಯಾಂಟು ಹಳೆಯದಾಗಿ ಕಾಣಲಿ ಎಂದು ಇನ್ನೊಬ್ಬ ಇಪ್ಪತ್ತನೆಯ ವಯಸ್ಸಿಗೇ ಮುದುಕನಾದ. ಉಡುಪಿನ ಮರ್ಯಾದೆ ಹೋಯಿತೆಂದು ಪತ್ರ ಬರೆಯುವ ಹಿರಿಯರು ಯಾರೂ ಇದರ ಬಗ್ಗೆ ಒಂದು ಸಾಲು ಬರೆದ ಹಾಗೆ ಕಾಣೆ. ಅವರ ಕಣ್ಣಿಗೆ ಬಿದ್ದದ್ದು ಹುಡುಗಿಯ ಮೊಣಕಾಲು ಮಾತ್ರ.

ಇರಲಿ. ಆ ಹಿರಿಯರ ಸೂಟಿನ ಕಡೆಗೂ ಒಂದು ಸುತ್ತು ಬರೋಣ. ಹೊಸ ಕೋಟಿನ ಹಿಂಬದಿಯ ಸೀಳಿಗೆ ಗುಣಾಕಾರದ ಚಿಹ್ನೆಯಂಥ ಒಂದು ಕಚ್ಚಾ ಹೊಲಿಗೆ ಇರುತ್ತದೆ. ಸಾಗಣೆಯಲ್ಲಿ ಸೀಳು ಮಡಚದಿರಲಿ ಎಂದು ಹಾಕಿದ್ದು, ತೊಡುವ ಮೊದಲು ಕತ್ತರಿಸಬೇಕಾದದ್ದು. ವೇದಿಕೆ ಮೇಲೆ ಸಭ್ಯತೆಯ ಬಗ್ಗೆ ಮಾತಾಡಿ ತಿರುಗಿ ಹೋಗುವ ಗಣ್ಯರ ಬೆನ್ನಿನ ಕೆಳಗೆ ಆ ಗುಣಾಕಾರ ಹಾಗೇ ಇರುತ್ತದೆ. ತೋಳಿನ ತುದಿಯಲ್ಲಿ ಕಂಪನಿಯ ಪಟ್ಟಿ ಕೂಡ. ಅದು ಅಂಗಡಿಯವನಿಗೆ ಗುರುತಿಗೆ, ನಿಮಗೆ ಪದಕವಲ್ಲ ಮಹಾಸ್ವಾಮಿ. ಹೆಗಲ ಹೊಲಿಗೆ ಹೆಗಲ ಮೂಳೆಯ ತುದಿಗೇ ಮುಗಿಯಬೇಕು. ಹೊರಗೆ ಜೋತರೆ ತೋಳಿನ ಮೇಲ್ಭಾಗ ಕುಳಿ ಬೀಳುತ್ತದೆ. ಸೊಂಟ, ತೋಳುದ್ದ ಯಾವ ದರ್ಜಿಯೂ ತಿದ್ದಿಕೊಡುತ್ತಾನೆ. ಹೆಗಲು ತಿದ್ದಬೇಕೆಂದರೆ ತೋಳು ಬಿಚ್ಚಿ ಒಳಗಿನ ಪ್ಯಾಡು ತೆಗೆದು ಮರುಜೋಡಣೆ ಮಾಡಬೇಕು, ಹೊಸ ಕೋಟೇ ವಾಸಿ. ಟೈ ತುದಿ ಬೆಲ್ಟಿನ ಬಕಲ್ ಮುಟ್ಟಿ ನಿಲ್ಲಬೇಕು. ಹೊಟ್ಟೆಯ ಮೇಲೆ ಅರ್ಧದಾರಿಯಲ್ಲಿ ನಿಂತ ಟೈಗಳನ್ನು ನೋಡಿದರೆ ಎಲ್ಲಿಗೆ ಹೋಗಬೇಕೆಂದು ಅವಕ್ಕೇ ಗೊತ್ತಿಲ್ಲ ಅನಿಸುತ್ತದೆ.

ಅಂಗಿಯ ಗುಂಡಿ ಉದುರಿತೆಂದು ಅಂಗಿಯನ್ನೇ ಎಸೆಯುವ ಪುಣ್ಯಾತ್ಮರಿಗೆ ಒಂದು ಗುಟ್ಟು. ಕಾರ್ಖಾನೆಯಲ್ಲಿ ಬಹಳಷ್ಟು ಗುಂಡಿ ಕೂರಿಸುವುದು ಒಂಟಿ ದಾರದ ಸರಪಳಿ ಹೊಲಿಗೆಯಲ್ಲಿ. ದಾರದ ಬಾಲ ಒಂದು ಕಡೆ ಎಳೆದರೆ ಪೂರಾ ಬಿಚ್ಚಿಕೊಳ್ಳುತ್ತದೆ. ಜೋತ ದಾರ ಕಂಡ ಕೂಡಲೆ ಎಳೆಯುವುದು ನಮ್ಮ ಚಟ, ಗುಂಡಿ ಉದುರುವುದು ಅದರ ಧರ್ಮ. ಹಾಕುವುದು ಎರಡು ನಿಮಿಷದ ಕೆಲಸ: ಜೋಡಿ ದಾರ, ಗುಂಡಿಯ ಮೇಲೆ ಒಂದು ಬೆಂಕಿಕಡ್ಡಿ ಅಡ್ಡ ಇಟ್ಟು ಅದರ ಮೇಲಿಂದ ಹೊಲಿಯಬೇಕು, ಆಮೇಲೆ ಕಡ್ಡಿ ಎಳೆದು ಗುಂಡಿಯನ್ನು ಮೇಲೆತ್ತಿ ಅಡಿಯ ದಾರಕ್ಕೆ ಮೂರ್ನಾಲ್ಕು ಸುತ್ತು ಸುತ್ತಿ ಗಂಟು. ಆ ಗಿಡ್ಡ ಕತ್ತು ಇಲ್ಲದಿದ್ದರೆ ಕಾಜಾ ಕಡೆಯ ಬಟ್ಟೆಗೆ ಜಾಗವಿಲ್ಲದೆ ಸುತ್ತ ಸುಕ್ಕು ಬೀಳುತ್ತದೆ. ಇದನ್ನು ಕಲಿಸಲು ಈಗ ಕಾರ್ಯಾಗಾರಗಳು ನಡೆಯುತ್ತವೆ, ಕೊನೆಗೆ ಪ್ರಮಾಣಪತ್ರ ಕೊಡುತ್ತಾರೆ.

ಇಸ್ತ್ರಿಯ ಬಗ್ಗೆ ಹೇಳಿ ಪ್ರಯೋಜನವಿಲ್ಲ, ಆದರೂ ಕೈ ಸುಮ್ಮನಿರುವುದಿಲ್ಲ. ಒಳಪಟ್ಟಿಯಲ್ಲಿರುವ ಇಸ್ತ್ರಿಪೆಟ್ಟಿಗೆಯ ಚಿತ್ರದೊಳಗಿನ ಚುಕ್ಕೆ ಅಲಂಕಾರಕ್ಕಲ್ಲ. ಒಂದು ಚುಕ್ಕೆ ನೈಲಾನಿನಂಥದಕ್ಕೆ, ಎರಡು ಉಣ್ಣೆ ಮತ್ತು ಪಾಲಿಯೆಸ್ಟರಿಗೆ, ಮೂರು ಹತ್ತಿ ಮತ್ತು ಲಿನನ್ನಿಗೆ. ಪಾಲಿಯೆಸ್ಟರ್ ಮೇಲೆ ಮೂರು ಚುಕ್ಕೆಯ ಬಿಸಿ ಇಟ್ಟರೆ ಎಳೆ ಮೆತ್ತಗಾಗಿ ಚಪ್ಪಟೆಯಾಗಿ ಮಂಡಿಯ ಮೇಲೆ ಕನ್ನಡಿ ಹೊಳಪು ಬರುತ್ತದೆ, ಆ ಹೊಳಪು ಹೋಗುವುದಿಲ್ಲ. ಹತ್ತಿಯಂಗಿ ಸ್ವಲ್ಪ ಹಸಿಯಿರುವಾಗಲೇ ಆಗಬೇಕು, ಕಾಲರಿನ ಒಳಮೈ ಮೊದಲು, ಎರಡು ತುದಿಗಳಿಂದ ನಡುವಿಗೆ. ನಡುವಿನಿಂದ ತುದಿಗೆ ತಳ್ಳಿದರೆ ಸುಕ್ಕೆಲ್ಲ ತುದಿಯಲ್ಲಿ ಗುಡ್ಡೆಯಾಗಿ ಎದುರಿನವರ ಕಣ್ಣಿಗೆ ನೇರ ಬೀಳುತ್ತದೆ. ಕಂಕುಳ ಹಳದಿಗೆ ಕ್ಲೋರಿನ್ ಬ್ಲೀಚ್ ಸುರಿಯುವವರದ್ದೂ ಹೀಗೇ. ಬೆವರುತಡೆಯ ಅಲ್ಯೂಮಿನಿಯಂ ಬೆವರಿಗೆ ಬೆರೆತು ಆದ ಕಲೆ ಅದು, ಬ್ಲೀಚಿಗೆ ಇನ್ನಷ್ಟು ಹಳದಿಯಾಗುತ್ತದೆ.

ವಿಡಿಯೊ ಸಭೆಗಳು ಬಂದ ಮೇಲಂತೂ ಮನುಷ್ಯ ಎದೆಯಿಂದ ಮೇಲಕ್ಕೆ ಅಧಿಕಾರಿ, ಕೆಳಕ್ಕೆ ರಾತ್ರಿಯ ಚಡ್ಡಿ. ಸೆನೆಟ್ಟು ಅದನ್ನು ಇನ್ನೂ ಗಮನಿಸಿದಂತಿಲ್ಲ. ಮೇಲರ್ಧವೂ ಸುಖವಿಲ್ಲ: ಮೇಜಿನ ಮೇಲಿನ ಲ್ಯಾಪ್‌ಟಾಪ್ ಕ್ಯಾಮೆರಾ ಕೆಳಗಿಂದ ನೋಡುವುದರಿಂದ ಸಭೆಯುದ್ದಕ್ಕೂ ಮೂಗಿನ ಹೊಳ್ಳೆಗಳದ್ದೇ ಅಧ್ಯಕ್ಷತೆ. ಸಣ್ಣ ಪಟ್ಟೆಯ ಅಂಗಿ ಹಾಕಿದರೆ ಪಟ್ಟೆಗಳೂ ಕ್ಯಾಮೆರಾದ ಚುಕ್ಕೆಜಾಲವೂ ಒಂದರ ಮೇಲೊಂದು ಬಿದ್ದು ಎದೆ ಕೆರೆಯ ನೀರಿನಂತೆ ಅಲೆಯಾಡುತ್ತದೆ.

ಬಾಗಿಲಲ್ಲಿ ನಿಂತ ಕಾವಲುಗಾರನ ವಿಷಯಕ್ಕೆ ಯಾವ ಸಡಿಲಿಕೆಯೂ ಬಂದಿಲ್ಲ ಎಂಬುದನ್ನು ಮಾತ್ರ ಮೆಚ್ಚಬೇಕು. ಸೆಕೆಯಲ್ಲೂ ಪಾಲಿಯೆಸ್ಟರ್ ಸಮವಸ್ತ್ರ, ಕೊರಳಿಗೆ ಕ್ಲಿಪ್ಪಿನ ಟೈ, ಅಂಗಿ ಪ್ಯಾಂಟಿನೊಳಗೆ, ಬೂಟಿಗೆ ಪಾಲಿಶ್, ಹನ್ನೆರಡು ಗಂಟೆ ನಿಲುವು. ಎರಡೂ ಮೊಣಕಾಲು ಹರಿದ ಜೀನ್ಸಿನವನು ಬಂದರೆ ಅವನು ಬಾಗಿಲು ತೆಗೆದು ಸಲಾಮು ಹೊಡೆಯಬೇಕು. ಹರಿದ ಲುಂಗಿಯವನು ಬಂದರೆ ತಡೆಯಬೇಕು. ಎರಡು ಹರಕಿನ ವ್ಯತ್ಯಾಸವನ್ನು ಹತ್ತು ಮಾರು ದೂರದಿಂದಲೇ ಗುರುತಿಸುವ ವಿದ್ಯೆ ಅವನಿಗಿದೆ. ಅವನ ಸಮವಸ್ತ್ರದ ಮೊಣಕೈ ಬಳಿ ಸಣ್ಣದೊಂದು ರಫೂ ಇದೆ, ಅದೇ ಬಣ್ಣದ ದಾರ ಹುಡುಕಿ, ಎಳೆಗೆ ಎಳೆ ಹೊಂದಿಸಿ ಮನೆಯಲ್ಲಿ ಯಾರೋ ಹಾಕಿದ್ದು. ಮೇಲ್ವಿಚಾರಕ ಬಂದಾಗ ಅವನು ಆ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತಾನೆ. ಕಂಡರೆ ದಂಡ.