ಸುಳ್ಳು ಬಾರದ ಹುಡುಗ

ಅಣ್ಣನ ಮಗಳು ತಾನು ಓದಿ ಮುಗಿಸಿದ ದಪ್ಪ ಕಾದಂಬರಿಯನ್ನು ನನ್ನ ಕೈಗೆ ತುರುಕಿ, "ಅತ್ತೆ, ಸುಮ್ನೆ ಐವತ್ತು ಪುಟ ಓದು, ಹಿಡಿಸ್ಲಿಲ್ಲ ಅಂದ್ರೆ ಬಿಟ್ಬಿಡು" ಅಂದಳು. ಗಡಿಯಾರ ನೋಡಿದಾಗ ರಾತ್ರಿ ಒಂದೂವರೆ ಆಗಿತ್ತು. ಪುಟ ನೂರಾ ಎಂಬತ್ತು.

ಕಥೆ ಏನು ಹೊಸದಲ್ಲ. ಹದಿನೇಳರ ಹುಡುಗಿ, ನಮ್ಮ ಹಾಗೆ ಸಾಯುವ ಜಾತಿ. ಕಾಡಿನಾಚೆ ಫೇರಿಗಳ, ಅಂದರೆ ಸಾವಿಲ್ಲದ ಮಾಯಾಜನರ, ಅರಮನೆ. ಅಲ್ಲೊಬ್ಬ ರಾಜಕುಮಾರ, ಕಿವಿ ಚೂಪು, ಮಾತು ಅದಕ್ಕಿಂತ ಚೂಪು. ವಯಸ್ಸು ಮುನ್ನೂರು ದಾಟಿದೆ, ಆದರೂ ಮುಖ ಊದಿಸಿಕೊಂಡು ಕಿಟಕಿ ಪಕ್ಕ ನಿಲ್ಲುವುದು ಬಿಟ್ಟರೆ ಬೇರೆ ಕಸುಬು ಗೊತ್ತಿಲ್ಲ. ಅಷ್ಟು ವರ್ಷದಲ್ಲಿ ಒಂದು ವಾದ್ಯವನ್ನಾದರೂ ಕಲಿಯಬಹುದಿತ್ತು, ಅಲ್ವಾ? ಮೊದಲರ್ಧ ಇಬ್ಬರಿಗೂ ಒಬ್ಬರನ್ನೊಬ್ಬರು ಕಂಡರೆ ಆಗುವುದಿಲ್ಲ. ಆಮೇಲೇನಾಗುತ್ತದೆ ಅಂತ ಎಲ್ಲರಿಗೂ ಗೊತ್ತು, ಹುಡುಗಿಯೊಬ್ಬಳನ್ನು ಬಿಟ್ಟು.

ಫೇರಿ ಅಂದರೆ ಚಿಟ್ಟೆ ರೆಕ್ಕೆ, ತುದಿಯಲ್ಲಿ ನಕ್ಷತ್ರವಿರುವ ಕೋಲು ಅಂದುಕೊಂಡಿದ್ದರೆ ಮರೆತುಬಿಡಿ. ಸ್ಕಾಟ್ಲೆಂಡ್, ಐರ್ಲೆಂಡಿನ ಹಳಬರು ಇವರ ಹೆಸರು ಎತ್ತಲೂ ಅಂಜಿ 'ಒಳ್ಳೆಯ ನೆರೆಯವರು' ಅಂತ ಪೂಸಿ ಹೊಡೆಯುತ್ತಿದ್ದರು. ಕಬ್ಬಿಣ ಕಂಡರೆ ಇವರಿಗೆ ಆಗದು. ಇವರು ಕೊಟ್ಟಿದ್ದು ತಿಂದರೆ ಮನೆ ದಾರಿ ಮುಚ್ಚಿತು ಅಂತಲೇ ಲೆಕ್ಕ. ಅದೆಲ್ಲ ಈಗಿನ ಕಾದಂಬರಿಗಳಿಗೂ ಹಾಗೇ ಇಳಿದು ಬಂದಿದೆ. ನನಗೆ ನಿದ್ದೆ ಕೆಡಿಸಿದ್ದು ಮಾತ್ರ ಇನ್ನೊಂದು ಕಟ್ಟಳೆ: ಫೇರಿ ಸುಳ್ಳು ಹೇಳಲಾರ.

ಇದೂ ಪೂರ್ತಿ ಹೊಸದಲ್ಲ. 1188ರಲ್ಲಿ ವೇಲ್ಸ್ ಸುತ್ತಿದ ಜೆರಾಲ್ಡ್ ಎಂಬ ಪಾದ್ರಿ ಒಬ್ಬ ಹುಡುಗನ ಕಥೆ ಬರೆದಿಟ್ಟಿದ್ದಾನೆ. ಮೇಷ್ಟ್ರ ಏಟು ತಾಳದೆ ಓಡಿಹೋಗಿ ನದಿ ದಡದ ಪೊಟರೆಯಲ್ಲಿ ಅಡಗಿದ್ದ ಹುಡುಗನನ್ನು ಪುಟಾಣಿ ಮನುಷ್ಯರು ನೆಲದಡಿಯ ತಮ್ಮ ನಾಡಿಗೆ ಕರೆದೊಯ್ದರಂತೆ. ಅವರಿಗೆ ಜಗತ್ತಿನಲ್ಲಿ ಎಲ್ಲಕ್ಕಿಂತ ಹೇಸಿಗೆ ಅಂದರೆ ಸುಳ್ಳು.

ಸುಳ್ಳು ಹೇಳದ ಹುಡುಗ ಸಿಕ್ಕರೆ ಹೆಣ್ಣಿಗೆ ಇನ್ನೇನು ಬೇಕು ಅನ್ನಿಸುತ್ತದೆ. ಸ್ವಲ್ಪ ತಡೆಯಿರಿ. ಅವನು ಅವಳ ಕಣ್ಣಲ್ಲಿ ಕಣ್ಣಿಟ್ಟು "ಈ ರಾತ್ರಿ ನನ್ನ ಕೈ ನಿನ್ನನ್ನು ನೋಯಿಸುವುದಿಲ್ಲ" ಅಂದ ಅಂತಿಟ್ಟುಕೊಳ್ಳಿ. ಹುಡುಗಿ ಕರಗಿಹೋಗುತ್ತಾಳೆ. ನಾನು ದಿಂಬಿಗೆ ಒರಗಿದವಳು ಎದ್ದು ಕೂತೆ. ಈ ರಾತ್ರಿ ಅಂದ, ನಾಳೆಯ ಮಾತಿಲ್ಲ. ನನ್ನ ಕೈ ಅಂದ, ತಮ್ಮನ ಕೈಯಲ್ಲಿ ಕತ್ತಿ ಇದೆಯಲ್ಲ! ಒಂದೊಂದು ಪದವೂ ಸತ್ಯ, ಒಟ್ಟು ಮಾತು ಮೋಸ. ಪ್ರೇಮಪತ್ರವನ್ನು ಬಾಡಿಗೆ ಕರಾರಿನ ಹಾಗೆ ಎರಡೆರಡು ಸಲ ಓದಬೇಕು. ಆದರೆ ಹುಡುಗಿಯ ಕೈಯಲ್ಲೂ ಒಂದು ಅಸ್ತ್ರ ಇದೆ. ಅವಳಿಗೆ ಸುಳ್ಳು ಹೇಳಲು ಬರುತ್ತದೆ. ಅರಮನೆ ತುಂಬ ಸಾವಿಲ್ಲದವರು, ಮಂತ್ರ ಬಲ್ಲವರು, ಸುಂದರರು. ಅವರ ನಡುವೆ ಈ ಬಡಪಾಯಿ "ಹೌದು, ನಾನೇ ನೋಡಿದೆ" ಅಂತ ರೆಪ್ಪೆ ಬಡಿಯದೆ ಬುರುಡೆ ಬಿಟ್ಟಾಗ ನನಗೆ ಆದ ಖುಷಿ ಅವರಿಬ್ಬರ ಮೊದಲ ಮುತ್ತಿನಲ್ಲೂ ಆಗಲಿಲ್ಲ.

ಪಾಪ, ಫೇರಿ ಕನ್ನಡ ಕಲಿತರೆ ಏನು ಗತಿ ಅಂತಲೂ ಯೋಚಿಸಿದೆ. ಹೊರಟು ಹೋಗುವಾಗ 'ಬರ್ತೀನಿ' ಅನ್ನುವ ಭಾಷೆ ನಮ್ಮದು. ಅವನು ಹೊಸ್ತಿಲಲ್ಲೇ ನಾಲಿಗೆ ಕಟ್ಟಿ ನಿಲ್ಲಬೇಕು. ಆದರೆ ಅವನಿಗೆಂದೇ ಮಾಡಿಸಿದ ಹಾಗೆ ಒಂದು ಪದವೂ ನಮ್ಮಲ್ಲಿದೆ: 'ನೋಡೋಣ'. ಒಪ್ಪಿದ ಹಾಗೂ ಆಯಿತು, ಒಪ್ಪದ ಹಾಗೂ ಆಯಿತು. ಸುಳ್ಳು ಅಂತ ಯಾರೂ ಹಿಡಿಯಲಾರರು.

ಸತ್ಯ ಮನುಷ್ಯನ ಕೊರಳಿಗೆ ಬಿದ್ದರೆ ಏನಾಗುತ್ತದೆ ಅನ್ನುವುದೂ ಸ್ಕಾಟ್ಲೆಂಡಿನ ಹಳೆಯ ಲಾವಣಿಯೊಂದರಲ್ಲಿದೆ. ಥಾಮಸ್ ಎಂಬುವನು ಫೇರಿಗಳ ರಾಣಿಗೆ ಮುತ್ತು ಕೊಟ್ಟು, ಏಳು ವರ್ಷ ಅವಳ ಚಾಕರಿಗೆ ಬೀಳುತ್ತಾನೆ. ಕೂಲಿಯಾಗಿ ಅವಳು ಒಂದು ಸೇಬು ಕೊಡುತ್ತಾಳೆ, ಅದರ ಜೊತೆಗೆ ಎಂದೂ ಸುಳ್ಳಾಡದ ನಾಲಿಗೆ. ಥಾಮಸ್ ಹಿಗ್ಗಲಿಲ್ಲ, ಬಾಯಿ ಬಡಿದುಕೊಂಡ. ನನ್ನ ನಾಲಿಗೆ ನನ್ನದೇ ಇರಲಿ, ಇದನ್ನಿಟ್ಟುಕೊಂಡು ಸಂತೆಯಲ್ಲಿ ಕೊಡುವುದು ಕೊಳ್ಳುವುದು ಹೇಗೆ, ದೊರೆಯ ಹತ್ತಿರ ಮಾತಾಡುವುದು ಹೇಗೆ, ಚೆಂದದ ಹೆಣ್ಣನ್ನು ಒಲಿಸಿಕೊಳ್ಳುವುದು ಹೇಗೆ ಅಂತ ಗೋಳಿಟ್ಟ. ರಾಣಿಯಿಂದ ಬೈಸಿಕೊಂಡು ಸುಮ್ಮನಾದ. ಇಷ್ಟು ಪ್ರಾಮಾಣಿಕ ಗೋಳು ನಾನು ಬೇರೆಲ್ಲೂ ಓದಿಲ್ಲ.

ಟಾಮ್ ಲಿನ್ ಲಾವಣಿಯ ಜಾನೆಟ್ ನನಗೆ ಇನ್ನೂ ಇಷ್ಟ. 1549ರ ಸುಮಾರಿನ ಸ್ಕಾಟಿಷ್ ಪುಸ್ತಕವೊಂದರಲ್ಲೇ ಈ ಕಥೆಯ ಹೆಸರು ಬರುತ್ತದೆ. ಅವಳ ನಲ್ಲ ಟಾಮ್ ಲಿನ್ ಮೂಲದಲ್ಲಿ ಮನುಷ್ಯನೇ, ಫೇರಿ ರಾಣಿಯ ಸೆರೆಯಲ್ಲಿದ್ದಾನೆ. ಹ್ಯಾಲೋವೀನ್ ನಡುರಾತ್ರಿ ಫೇರಿಗಳ ಮೆರವಣಿಗೆ ಬರುತ್ತದೆ. ಕಪ್ಪು ಕುದುರೆ ಹೋಗಲಿ ಅಂತ ಜಾನೆಟ್ ಬಿಡುತ್ತಾಳೆ, ಕಂದು ಕುದುರೆಯನ್ನೂ ಬಿಡುತ್ತಾಳೆ, ಹಾಲುಬಿಳಿ ಕುದುರೆ ಬಂದ ಕೂಡಲೇ ಸವಾರನನ್ನು ಎಳೆದು ಕೆಡವಿ ತಬ್ಬಿಕೊಳ್ಳುತ್ತಾಳೆ. ಅವನು ತೋಳಲ್ಲೇ ಹಾವಾಗುತ್ತಾನೆ, ಕರಡಿಯಾಗುತ್ತಾನೆ, ಕೊನೆಗೆ ನಿಗಿನಿಗಿ ಕೆಂಡವಾಗುತ್ತಾನೆ. ಅವಳು ಬಿಡುವುದಿಲ್ಲ. ಒಂದು ಮಾತೂ ಆಡುವುದಿಲ್ಲ, ಕೆಂಡವನ್ನು ಬಾವಿಗೆ ಎಸೆಯುತ್ತಾಳೆ. ಬರಿಮೈಯಲ್ಲಿ ಎದ್ದು ಬಂದವನಿಗೆ ತನ್ನ ಹಸಿರು ಶಾಲು ಹೊದೆಸುತ್ತಾಳೆ. ಹೊಟ್ಟೆ ಉರಿದ ರಾಣಿ ಟಾಮ್ ಲಿನ್ ಕಡೆ ತಿರುಗಿ, ಹೀಗಾಗುತ್ತೆ ಅಂತ ಮೊದಲೇ ಗೊತ್ತಿದ್ದರೆ ನಿನ್ನ ಕಣ್ಣು ಕಿತ್ತು ಮರದ ಕಣ್ಣು ಇಡುತ್ತಿದ್ದೆ ಅನ್ನುತ್ತಾಳೆ. ಅವಳೂ ಸುಳ್ಳು ಹೇಳುತ್ತಿಲ್ಲ ಅಂತಲೇ ನನ್ನ ನಂಬಿಕೆ.

ಮರುದಿನ ಬೆಳಿಗ್ಗೆ ಅಣ್ಣನ ಮಗಳು ನನ್ನ ಕೆಂಪು ಕಣ್ಣು ನೋಡಿ, "ಎಷ್ಟು ಪುಟ ಆಯ್ತು ಅತ್ತೆ?" ಅಂದಳು.

"ಐವತ್ತು ಓದಿದೆ" ಅಂದೆ. ಓದಿದ್ದು ನಿಜ ತಾನೇ.

"ಎರಡನೇ ಭಾಗ ನನ್ ಹತ್ರ ಇಲ್ಲ. ಕೊಡಿಸ್ತೀಯಾ?"

"ನೋಡೋಣ."

ಅವಳು ಏನೂ ಅನ್ನಲಿಲ್ಲ. ಹತ್ತಿರ ಬಂದು, ನನ್ನ ಕೂದಲು ಪಕ್ಕಕ್ಕೆ ಸರಿಸಿ, ಕಿವಿಯ ತುದಿ ಮುಟ್ಟಿ ನೋಡಿದಳು.