ಐರ್ಲೆಂಡ್ ಒಂದಾಗಬೇಕೇ?

ಪರ: ಗೆರೆ ಎಳೆದಿದ್ದೇ ತಪ್ಪು

1921ರಲ್ಲಿ ಐರ್ಲೆಂಡನ್ನು ಎರಡು ಮಾಡಿ, ಉತ್ತರದ ಆರು ಕೌಂಟಿಗಳನ್ನು (ಜಿಲ್ಲೆಗಳನ್ನು) ಬ್ರಿಟನ್ ಇಟ್ಟುಕೊಂಡಿತು. ಉಳಿದ ದಕ್ಷಿಣ ಆಮೇಲೆ ಬೇರೆ ದೇಶವಾಯಿತು. ಕ್ಯಾಥೊಲಿಕರು ಹೆಚ್ಚಾಗಿ ಐರ್ಲೆಂಡ್ ಒಂದೇ ಇರಲಿ ಅನ್ನುವವರು, ಪ್ರೊಟೆಸ್ಟೆಂಟರು ಹೆಚ್ಚಾಗಿ ಬ್ರಿಟನ್ ಜೊತೆ ಇರೋಣ ಅನ್ನುವವರು. ಆ ಆರರಲ್ಲಿ ಟೈರೋನ್, ಫರ್ಮಾನಾ ಎರಡರಲ್ಲೂ ಕ್ಯಾಥೊಲಿಕರೇ ಜಾಸ್ತಿ ಇದ್ದರು. ಅವರನ್ನು ಯಾರೂ ಕೇಳಲಿಲ್ಲ.

ಈಗಲಾದರೂ ಕೇಳಬೇಕು. ಉತ್ತರದ ಗಲಭೆ ನಿಲ್ಲಿಸಲು 1998ರಲ್ಲಿ ಮಾಡಿಕೊಂಡ ಗುಡ್ ಫ್ರೈಡೇ ಒಪ್ಪಂದದಲ್ಲೇ ದಾರಿ ಇದೆ: ಉತ್ತರ, ದಕ್ಷಿಣ ಎರಡೂ ಕಡೆ ಬಹುಮತ ಬಂದರೆ ಒಂದಾಗಬಹುದು. 2016ರಲ್ಲಿ ಉತ್ತರದ 55.8% ಮತದಾರರು ಯುರೋಪಿಯನ್ ಒಕ್ಕೂಟದಲ್ಲೇ ಇರುತ್ತೇವೆ ಎಂದರು. ಆದರೂ ಲಂಡನ್ ಜೊತೆ ಅವರೂ ಹೊರಗೆ ಬರಬೇಕಾಯಿತು. ಇದು ನ್ಯಾಯವಾ?

ಗಡಿ ಕಣ್ಣಿಗೇ ಕಾಣಿಸುವುದಿಲ್ಲ, ಮತ್ಯಾಕೆ ಗಲಾಟೆ ಅನ್ನುತ್ತಾರೆ. ನನಗೆ ಕಾಣಿಸುತ್ತದೆ. ನಾನಿರುವುದು ದಕ್ಷಿಣದ ಡಬ್ಲಿನ್‌ನಲ್ಲಿ, ಅಕ್ಕ ಉತ್ತರದ ಬೆಲ್‌ಫಾಸ್ಟ್‌ನಲ್ಲಿ. ಬಸ್ಸಿನಲ್ಲಿ ಎರಡು ಗಂಟೆ ಚಿಲ್ಲರೆ ದಾರಿ. ಗೇಟಿಲ್ಲ, ಚೆಕ್‌ಪೋಸ್ಟ್ ಇಲ್ಲ. ಬೋರ್ಡಿನಲ್ಲಿ ಕಿಲೋಮೀಟರ್ ಹೋಗಿ ಮೈಲಿ ಬಂದರೆ ಗಡಿ ದಾಟಿದೆವು ಅಂತ ಲೆಕ್ಕ. ಆದರೆ ನನ್ನದು ಇಂಡಿಯನ್ ಪಾಸ್‌ಪೋರ್ಟ್. ಐರ್ಲೆಂಡಿನ ಪರ್ಮಿಟ್ ಆ ಕಡೆ ನಡೆಯುವುದಿಲ್ಲ, ಬ್ರಿಟನ್ ವೀಸಾ ಬೇಕು. ಅಕ್ಕನಿಗೆ ದಿನ ತುಂಬುವ ಮೊದಲೇ ಹೆರಿಗೆ ಆಯಿತು. ಬಾಣಂತನಕ್ಕೆ ಹಾಸನದಿಂದ ಅಮ್ಮ ಬಂದು ಮುಟ್ಟಿದರು. ಪಕ್ಕದಲ್ಲೇ ಇದ್ದ ನಾನು ಮುಟ್ಟಲಿಲ್ಲ. ಸುಮ್ನೆ ಬಸ್ ಹತ್ತು, ಯಾರು ನೋಡುತ್ತಾರೆ ಅಂದವರಿದ್ದರು. ಸಿಕ್ಕಿಬಿದ್ದರೆ ಮುಂದೆ ಇಲ್ಲಿ ಸಿಗಬೇಕಾದ ಪೌರತ್ವಕ್ಕೇ ಕುತ್ತು. ನನ್ನ ವೀಸಾ ಬರುವಷ್ಟರಲ್ಲಿ ನಾಮಕರಣ ಮುಗಿದಿತ್ತು. ಒಂದೇ ದ್ವೀಪದಲ್ಲಿ ಇದ್ದುಕೊಂಡು ಫೋನಿನಲ್ಲಿ ತೊಟ್ಟಿಲು ನೋಡಬೇಕಾ?

ಇನ್ನು, ಒಂದಾದರೆ ಖರ್ಚು ಜಾಸ್ತಿ ಅನ್ನುವ ಮಾತು. ಜರ್ಮನಿ 1990ರಲ್ಲಿ ಒಂದಾಯಿತು. ಖರ್ಚಾಯಿತು, ನಿಜ. ಅದಕ್ಕೆ ಅಂತ ಮತ್ತೆ ಗೋಡೆ ಕಟ್ಟಿದರಾ?

ವಿರೋಧ: ಈಗ ಬೇಡ

ವಿರೋಧದ ಕಡೆ ಬರೆಯಲು ನನ್ನನ್ನು ಕೇಳಿದ್ದಾರೆ. ಮುಂದೆ ಎಂದಾದರೂ ಒಂದಾದರೆ ನನ್ನ ತಕರಾರಿಲ್ಲ. ಆದರೆ ಈಗ ಬೇಡ ಎನ್ನಲು ಕಾರಣಗಳಿವೆ.

ಮೊದಲನೆಯದು ದುಡ್ಡು. ಉತ್ತರ ಐರ್ಲೆಂಡಿನ ತೆರಿಗೆ ಅದರ ಖರ್ಚಿಗೆ ಸಾಲುವುದಿಲ್ಲ. ಲಂಡನ್ ವರ್ಷಕ್ಕೆ ಸುಮಾರು 1,000 ಕೋಟಿ ಪೌಂಡ್ ತುಂಬಿಕೊಡುತ್ತದೆ. ನಾಳೆ ಅದನ್ನು ಡಬ್ಲಿನ್ ಕೊಡಬೇಕು. ಉತ್ತರದಲ್ಲಿ ಡಾಕ್ಟರ್ ಹತ್ತಿರ ಹೋದರೆ ಫೀಸಿಲ್ಲ. ದಕ್ಷಿಣದಲ್ಲಿ ಸರ್ಕಾರದ ಉಚಿತ ಚಿಕಿತ್ಸೆಯ ಕಾರ್ಡ್ ಇಲ್ಲದವರು ಪ್ರತಿ ಸಲ 50-60 ಯೂರೋ ಕೊಡುತ್ತಾರೆ. ಬೆಲ್‌ಫಾಸ್ಟ್‌ನ ಬಡವರು ಇದಕ್ಕೆ ಯಾಕೆ ಒಪ್ಪಬೇಕು?

ಉತ್ತರದ 2021ರ ಜನಗಣತಿಯಲ್ಲಿ ಕ್ಯಾಥೊಲಿಕ್ ಹಿನ್ನೆಲೆಯವರು 45.7%, ಪ್ರೊಟೆಸ್ಟೆಂಟ್ ಹಿನ್ನೆಲೆಯವರು 43.5%. ಒಂದಾಗಬೇಕು ಅನ್ನುವವರು ಇದೊಂದನ್ನೇ ಹಿಡಿದು ಕುಣಿಯುತ್ತಾರೆ. ಅದೇ ಜನಗಣತಿಯಲ್ಲಿ ತಾವು ಐರಿಷ್ ಮಾತ್ರ ಎಂದವರು 29.1%. ಬ್ರಿಟಿಷ್ ಮಾತ್ರ ಎಂದವರು 31.9%. ಚರ್ಚು ನೋಡಿ ಮತ ಲೆಕ್ಕ ಹಾಕಬಾರದು, ಅಲ್ವಾ?

ಅರ್ಧಕ್ಕಿಂತ ಒಂದು ಮತ ಜಾಸ್ತಿ ಬಂದರೂ ಕಾನೂನಿಗೆ ಸಾಕು. ಆದರೆ ಸೋತ ಅರ್ಧ ಜನ ಅದೇ ಬೀದಿಯಲ್ಲಿ ಇರುತ್ತಾರೆ. ಉತ್ತರದಲ್ಲಿ ಹಿಂದೆ ಇದೇ ವಿಷಯಕ್ಕೆ ನಡೆದ ಗಲಭೆಗಳಲ್ಲಿ 3,500ಕ್ಕೂ ಹೆಚ್ಚು ಜನ ಸತ್ತಿದ್ದಾರೆ. ಎರಡೂ ಕಡೆಯವರು ಸೇರಿ ನಡೆಸಬೇಕಾದ ಉತ್ತರದ ಸ್ಟಾರ್ಮಂಟ್ ಸರ್ಕಾರವೇ 2022ರಿಂದ 2024ರವರೆಗೆ ನಿಂತುಹೋಗಿತ್ತು. ಅದು ಒಂದು ಪೂರ್ತಿ ಅವಧಿ ನಿಲ್ಲದೆ ನಡೆಯಲಿ. ಮತದಾನ ಆಮೇಲೆ ಇಟ್ಟುಕೊಳ್ಳಲಿ.