ಬರೀ ಮೆಕ್ಕೆಜೋಳ ಸಾಲದು

ಮನೇಲಿ ಮೆಕ್ಕೆಜೋಳ ಇದ್ದರೆ ನಾಟಿಕೋಳಿ ಸಾಕೋದು ಸಲೀಸು ಅಂತ ಒಂದು ಲೇಖನದಲ್ಲಿ ಓದಿದೆ. ದಾವಣಗೆರೆ ಕಡೆ ಮೆಕ್ಕೆಜೋಳಕ್ಕೇನೂ ಕೊರತೆಯಿಲ್ಲ. ಆದರೆ ಬರೀ ಅದನ್ನೇ ತಿಂದ ಹೇಂಟೆಗೆ ಕೊಬ್ಬು ಕಟ್ಟಿ ಮೊಟ್ಟೆ ಇಡೋದು ಕಡಿಮೆಯಾಗುತ್ತೆ. ಚಳ್ಳಕೆರೆ ಮಿಲ್ಲಿನ ಶೇಂಗಾ ಹಿಂಡಿ, ಸುಣ್ಣಕಲ್ಲಿನ ಪುಡಿ ಸೇರಿಸಿ; ಇಲ್ಲದಿದ್ದರೆ ಮೊಟ್ಟೆಯ ಚಿಪ್ಪು ಬೆರಳು ಒತ್ತಿದರೆ ಕುಗ್ಗುವಷ್ಟು ತೆಳು. ಬೂಷ್ಟು ಹಿಡಿದ ಜೋಳ ಬೇಡವೇ ಬೇಡ, ತೊಳೆದು ಒಣಗಿಸಿದರೂ ಅದರ ವಿಷ ಹೋಗಲ್ಲ.

ನಿಜವಾದ ಕಷ್ಟ ಕೊಕ್ಕರೆ ರೋಗ, ಅಂದರೆ ಕೋಳಿಗಳಿಗೆ ಹರಡುವ ರಾಣಿಖೇತ್ ರೋಗ. ಮರಿಗೆ 5–7 ದಿನವಾದಾಗ ಅದರ ಲಸಿಕೆ ಲಸೋಟಾ ಒಂದು ಹನಿ ಕಣ್ಣಿಗೆ, 8 ವಾರಕ್ಕೆ ಅದೇ ರೋಗದ ಇನ್ನೊಂದು ಲಸಿಕೆ ಆರ್2ಬಿ ಚುಚ್ಚುಮದ್ದು. ಲಸಿಕೆಯನ್ನು ಐಸ್ ಹಾಕಿದ ಡಬ್ಬಿಯಲ್ಲೇ ತನ್ನಿ, ಕಲಸಿದ 2 ಗಂಟೆಯೊಳಗೆ ಮುಗಿಸಿ. ಚಿತ್ರದುರ್ಗದ ಏಪ್ರಿಲ್ ಬಿಸಿಲಲ್ಲಿ ಜೇಬಿನಲ್ಲಿಟ್ಟು ತಂದರೆ ನೀರು ಹಾಕಿದಂಗೆ.

ಹತ್ತು ಹೇಂಟೆಗೆ ಒಂದೇ ಹುಂಜ, ಅದನ್ನೂ ವರ್ಷಕ್ಕೊಮ್ಮೆ ಬೇರೆ ಊರಿಂದ ತಂದು ಬದಲಿಸಿ.